ಪಂಚರ ಕಣ್ಣು, ಪುಸ್ತಕದ ನಿಯಮ: ಬೀದರ್ ಸೀಮೆಯ ಕುಸ್ತಿ ಕಣದಲ್ಲಿ ತೀರ್ಪಿನ ಚರಿತ್ರೆ

ಆಟದಲ್ಲಿ ಕೊನೆಯ ಮಾತು ಯಾರದು? ಬರೆದಿಟ್ಟ ನಿಯಮದ್ದೋ, ಆಟ ನಡೆಸಿಕೊಡುವವನದ್ದೋ? ಮೇಜಿನ ಸುತ್ತ ಕುಳಿತು ಪಾತ್ರ ವಹಿಸಿ ಆಡುವ ಆಟಗಳ ಲೋಕದಲ್ಲಿ ಅರ್ಧ ಶತಮಾನದಿಂದ ಈ ವಾದ ನಡೆದೇ ಇದೆ. ಬೀದರ್ ಸೀಮೆಯಲ್ಲಿ ಅದೇ ಪ್ರಶ್ನೆಯನ್ನು ಇನ್ನೂ ಬಹಳ ಹಿಂದಕ್ಕೆ, ಕಲ್ಯಾಣದ ಅರಮನೆಯವರೆಗೆ ಹಿಡಿದುಕೊಂಡು ಹೋಗಬಹುದು.

ಇಂದಿನ ಬಸವಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1130ರ ಆಸುಪಾಸಿನಲ್ಲಿ ‘ಮಾನಸೋಲ್ಲಾಸ’ವನ್ನು ಸಂಸ್ಕೃತದಲ್ಲಿ ರಚಿಸಿದ. ತಲಾ ಇಪ್ಪತ್ತು ಅಧ್ಯಾಯಗಳ ಐದು ‘ವಿಂಶತಿ’ಗಳಿರುವ ಈ ಕೃತಿ 1925ರಿಂದ ಬರೋಡದ ಗಾಯಕವಾಡ ಪ್ರಾಚ್ಯಮಾಲೆಯಲ್ಲಿ ಅಚ್ಚಾಯಿತು. ಚದುರಂಗ, ಪಗಡೆ, ಕವಡೆಯಾಟಗಳೆಲ್ಲ ಇದರಲ್ಲಿವೆ. ನಮಗೆ ಮುಖ್ಯವಾದದ್ದು ಮಲ್ಲವಿನೋದದ ಭಾಗ. ವಯಸ್ಸು, ಮೈಕಟ್ಟು, ಬಲ ನೋಡಿ ಮಲ್ಲರನ್ನು ದರ್ಜೆಗಳಾಗಿ ವಿಂಗಡಿಸಬೇಕು. ಅವರಿಗೆ ಬೇಳೆಕಾಳು, ಮಾಂಸ, ಹಾಲು, ಸಕ್ಕರೆಯನ್ನು ಅರಸನೇ ಒದಗಿಸಬೇಕು. ಅಂತಃಪುರದ ಹೆಂಗಸರಿಂದ ಅವರನ್ನು ದೂರವಿಡಬೇಕು. ಇಷ್ಟೆಲ್ಲ ಹೇಳುವ ಗ್ರಂಥ ಪಟ್ಟುಗಳ ವಿಷಯಕ್ಕೆ ಬಂದಾಗ ಬರೀ ಹೆಸರು ಹೇಳಿ ಮುಂದೆ ಸಾಗುತ್ತದೆ. ಯಾವ ಪಟ್ಟು ಹೇಗೆ ಹಾಕಬೇಕು ಎಂಬ ವಿವರಣೆ ಇಲ್ಲ. ಇದನ್ನು ಗ್ರಂಥಕರ್ತನ ಅಲಕ್ಷ್ಯ ಎನ್ನಲಾಗದು. ಊಟ ಉಪಚಾರಗಳನ್ನೂ ಬಿಡದೆ ಬರೆದವನು ಅವನು. ಕಣದಲ್ಲಿ ಇರುವವರಿಗೆ ಗೊತ್ತಿರುವುದನ್ನು ಬರೆಯುವ ಅಗತ್ಯ ಅವನಿಗೆ ಕಾಣಲಿಲ್ಲ ಎಂದೇ ನನ್ನ ಗ್ರಹಿಕೆ. ನಿಯಮ ಏರ್ಪಾಡಿಗೆ, ತಿಳಿವಳಿಕೆ ತೀರ್ಪಿಗೆ ಎಂಬ ವಿಭಾಗ ಅಲ್ಲೇ ಕಾಣುತ್ತದೆ.

ಅರಮನೆಯ ಮಲ್ಲವಿನೋದವೇ ಇಂದಿನ ಜಂಗಿ ಕುಸ್ತಿಯಾಗಿ ಇಳಿದು ಬಂತು ಎಂದು ಸಾಧಿಸುವುದು ಈ ಲೇಖನದ ಉದ್ದೇಶವಲ್ಲ. ನಡುವೆ ಬಹಮನಿಗಳು ಬಂದರು, ಬರೀದ್ ಶಾಹಿಗಳು ಬಂದರು, ಕುಸ್ತಿಯ ಮಾತು, ಕಸರತ್ತು ಎರಡೂ ಬದಲಾದವು. ಆ ಕಾಲದ ನೆನಪು ಬೀದರ್ ನಗರದ ಓಣಿಗಳಲ್ಲೇ ಉಳಿದಿದೆ. ಚೌಬಾರ ಗೋಪುರದ ಸುತ್ತಲಿನ ಹಳೇ ಪೇಟೆಯಲ್ಲಿ ಸಿದ್ದೀಕ್ ಶಾ ತಾಲೀಮ್, ನೂರ್ ಖಾನ್ ತಾಲೀಮ್, ಪನ್ಸಾಲ್ ತಾಲೀಮ್, ಮನಿಯಾರ್ ತಾಲೀಮ್ ಎಂಬ ನಾಲ್ಕು ಗರಡಿಗಳ ಹೆಸರಿನಲ್ಲೇ ಜನ ಇಂದಿಗೂ ವಿಳಾಸ ಹೇಳುತ್ತಾರೆ. ಗುಲಾಂ ಯಜ್ದಾನಿ 1947ರಲ್ಲಿ ಪ್ರಕಟಿಸಿದ ಬೀದರ್ ಸ್ಮಾರಕಗಳ ಗ್ರಂಥದಲ್ಲೂ ಈ ತಾಲೀಮುಗಳ ಉಲ್ಲೇಖವಿದೆ. ತಾಲೀಮಿನಲ್ಲಿ ಉಸ್ತಾದನ ಮಾತೇ ಕಾನೂನು. ಹುಡುಗ ಪಟ್ಟು ಕಲಿಯುವುದು ಅವನ ಕೈಯಿಂದ, ಹಿಡಿತ ತಪ್ಪಿದರೆ ಬೈಸಿಕೊಳ್ಳುವುದು ಅವನ ಬಾಯಿಂದ.

ಈಗ ಔರಾದಿನ ಅಮರೇಶ್ವರ ಜಾತ್ರೆಗೋ ಭಾಲ್ಕಿ ತಾಲ್ಲೂಕಿನ ಯಾವುದಾದರೂ ಹಳ್ಳಿಯ ಜಾತ್ರೆಗೋ ಬರೋಣ. ತೆಂಗಿನಕಾಯಿ ಕುಸ್ತಿಯಿಂದ ಶುರು, ಬೆಳ್ಳಿ ಕಡಗದ ಕುಸ್ತಿಗೆ ಮುಕ್ತಾಯ. ಹಲಗಿ ಬಡಿಯುತ್ತಿರುತ್ತದೆ. ಇಲ್ಲಿ ತಕ್ಕಡಿ ಇಲ್ಲ. ತೀರ್ಪು ಕೊಡುವ ಹಿರಿಯರಾದ ಪಂಚರು ಇಬ್ಬರು ಹುಡುಗರನ್ನು ಭುಜಕ್ಕೆ ಭುಜ ತಾಗಿಸಿ ನಿಲ್ಲಿಸುತ್ತಾರೆ, ಕುತ್ತಿಗೆ, ತೋಳು ಮುಟ್ಟಿ ನೋಡುತ್ತಾರೆ, ಇಬ್ಬರ ಕೈಯನ್ನೂ ಹಿಡಿದು ಕಣದ ಸುತ್ತ ತೋರಿಸುತ್ತಾರೆ. ಜೋಡಿ ಸರಿ ಹೊಂದಿಲ್ಲವೆಂದರೆ ಜನರೇ ಕೂಗುತ್ತಾರೆ. ಪಂಚರು ಬೇರೆ ಹುಡುಗನನ್ನು ಕರೆಯುತ್ತಾರೆ. ನಿಕಾಲಿ ಕುಸ್ತಿಗೆ ಅಂಕಗಳ ಲೆಕ್ಕವಿಲ್ಲ, ಚಿತ್ ಆಗಬೇಕು. ಬೆನ್ನು ನೆಲಕ್ಕೆ ಹತ್ತಿತೋ ಇಲ್ಲವೋ ಎಂದು ಜಗಳ ಎದ್ದರೆ ಪಂಚರು ಬಿದ್ದವನನ್ನು ತಿರುಗಿಸಿ ಎರಡೂ ಹೆಗಲೆಲುಬಿನ ಮೇಲೆ ಮಣ್ಣು ಎಷ್ಟು ಅಂಟಿದೆ ಎಂದು ನೋಡುತ್ತಾರೆ. ಬಹಳ ಹೊತ್ತಾದರೂ ಇಬ್ಬರೂ ಬೀಳದಿದ್ದರೆ ಬರಾಬರಿ ಎಂದು ಬಿಡಿಸುವ ಹೊತ್ತನ್ನು ಅವರೇ ಗೊತ್ತು ಮಾಡುತ್ತಾರೆ. ಮಹಾರಾಷ್ಟ್ರ, ತೆಲಂಗಾಣಗಳ ಗಡಿಗೆ ಹತ್ತಿದ ಔರಾದಿನಲ್ಲಿ ಪೈಲ್ವಾನರು ಮೂರು ರಾಜ್ಯಗಳಿಂದ ಬರುವುದುಂಟು. ಹಾಗಾಗಿ ಪಂಚರ ಮಾತು ಕನ್ನಡ, ಮರಾಠಿ, ಉರ್ದು ಮೂರರಲ್ಲೂ ನಡೆಯಬೇಕು.

ಕೊನೆಯ ಮಾತು ನಿಯಮದ್ದೋ ನಿರ್ಣಾಯಕನದ್ದೋ ಎಂಬ ಪ್ರಶ್ನೆ ಯುರೋಪಿನಲ್ಲಿ ಎದ್ದದ್ದು ಸೈನ್ಯದಲ್ಲಿ. ಪ್ರಶ್ಯದ ಅಧಿಕಾರಿ ರೈಸ್‌ವಿಟ್ಸ್ 1824ರಲ್ಲಿ ನಕ್ಷೆಯ ಮೇಲೆ ಆಡುವ ಯುದ್ಧದ ಆಟಕ್ಕೆ ದಾಳ, ಕೋಷ್ಟಕಗಳ ಸಮೇತ ನಿಯಮಾವಳಿ ಕೊಟ್ಟ. ಲೆಕ್ಕದಲ್ಲೇ ಹೊತ್ತು ಕಳೆಯುತ್ತದೆ ಎಂಬ ದೂರು ಬೆಳೆದು, 1876ರಲ್ಲಿ ವೆರ್ಡಿ ಡು ವೆರ್ನುವಾ ಕೋಷ್ಟಕಗಳನ್ನು ಬದಿಗಿಟ್ಟು ಅನುಭವಿ ನಿರ್ಣಾಯಕನ ವಿವೇಚನೆಗೇ ಎಲ್ಲವನ್ನೂ ಬಿಟ್ಟ. ಅದೇ ಪರಂಪರೆಯ ಮುಂದಿನ ಕವಲಿನಲ್ಲಿ 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಅವರ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಬಂತು. ತೆಳುವಾದ ಮೂರು ಪುಸ್ತಿಕೆಗಳಲ್ಲಿದ್ದ ಅದರ ನಿಯಮಗಳು ಮುಂದೆ ದಪ್ಪ ಸಂಪುಟಗಳಾದವು. ಆಟ ಪರಸ್ಪರ ಬಲ್ಲ ಗೆಳೆಯರ ಮನೆ ದಾಟಿ ಅಪರಿಚಿತರ ಕೈಗೆ ಹೋದಂತೆ ಪುಸ್ತಕವೂ ದಪ್ಪವಾಯಿತು.

ಮ್ಯಾಟ್ ಕುಸ್ತಿಯಲ್ಲೂ ಅದೇ ಆಗಿದೆ. ಮೂರು ನಿಮಿಷದ ಎರಡು ಸುತ್ತು, ಅಂಕ, ತೂಕದ ವರ್ಗ, ವಿಡಿಯೊ ನೋಡಿ ಮರುತೀರ್ಪು. ಬೇರೆ ಬೇರೆ ದೇಶದವರು ಎದುರಾಗುವ ಕಡೆ ಇದು ಬೇಕೇ ಬೇಕು. ಔರಾದಿನ ಪಂಚರು ತಪ್ಪು ತೀರ್ಪು ಕೊಟ್ಟರೆ ಹೇಗೆ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ ಅದು. ಊರಿನ ಗೌಡಕಿ, ಜಾತಿ, ದುಡ್ಡು ಯಾವ ಪಂಚನ ಕಣ್ಣಿಗಾದರೂ ಅಡ್ಡ ಬರಬಹುದು. ಅದನ್ನು ತಡೆಯುವುದು ಸುತ್ತ ಕುಳಿತ ಸಾವಿರ ಕಣ್ಣುಗಳು. ಅವರಲ್ಲಿ ಹಲವರು ತಾವೇ ಮಣ್ಣಿನಲ್ಲಿ ಬಿದ್ದು ಎದ್ದವರು. ಕುಸ್ತಿ ಬಲ್ಲ ಪ್ರೇಕ್ಷಕರು ಕಡಿಮೆಯಾದ ಜಾತ್ರೆಯಲ್ಲಿ ಪಂಚರ ವಿವೇಚನೆಗೆ ಆ ಕಡಿವಾಣ ಉಳಿಯುವುದಿಲ್ಲ, ಅಲ್ಲಿ ನಿಯಮ ಬರೆಯುವುದೇ ಸರಿ.

ಜೋಡಿ ಹಚ್ಚುವ, ಬರಾಬರಿ ಬಿಡಿಸುವ ಈ ತಿಳಿವಳಿಕೆ ಇಂದಿಗೂ ಹಿರಿಯ ಪಂಚರ, ಉಸ್ತಾದರ ನೆನಪಿನಲ್ಲೇ ಇದೆ. ಬೀದರ್, ಭಾಲ್ಕಿ, ಔರಾದಿನ ಕಾಲೇಜುಗಳ ಇತಿಹಾಸ, ಜಾನಪದ ಅಧ್ಯಾಪಕರು ಮುಂದಿನ ಜಾತ್ರೆಗೆ ಧ್ವನಿಮುದ್ರಣ ಯಂತ್ರ ಹಿಡಿದು ಹೋಗಲಿ. ಪಂಚರು ಕೊಟ್ಟ ತೀರ್ಪಿನ ಜೊತೆ ಆ ತೀರ್ಪಿಗೆ ಅವರು ಹೇಳುವ ಕಾರಣವನ್ನೂ ಅವರದೇ ಮಾತಿನಲ್ಲಿ ದಾಖಲಿಸಲಿ.