ದಣಿವೇ ಬೇರೆ, ಬ್ಯಾಸರವೇ ಬೇರೆ

ನಮ್ಮ ರಾಯಚೂರು ಸೀಮೆಯಲ್ಲಿ ಮನಸ್ಸಿನ ತಾಪತ್ರಯಗಳಿಗೆಲ್ಲ ಒಂದೇ ಮಾತು: ‘ಬ್ಯಾಸರ ಆಗ್ಯಾದ.’ ದಿನವಿಡೀ ಹತ್ತಿ ಬಿಡಿಸಿ ಬಂದವಳಿಗೂ ಬ್ಯಾಸರ, ಗಂಡನನ್ನು ಕಳೆದುಕೊಂಡವಳಿಗೂ ಬ್ಯಾಸರ, ಕಾರಣವೇ ಇಲ್ಲದೆ ಮೂರು ತಿಂಗಳಿಂದ ಮೂಲೆ ಹಿಡಿದು ಕೂತವಳಿಗೂ ಬ್ಯಾಸರವೇ. ಇಷ್ಟು ವರ್ಷ ಮಕ್ಕಳಿಗೆ ಸಮಾಜ ಪಾಠ ಹೇಳಿದ ನಾನೂ ಈ ಒಂದೇ ಮಾತಿನಲ್ಲಿ ಎರಡು ಸಂಗತಿಗಳನ್ನು ಗಂಟು ಹಾಕಿದ್ದೆ. ಅದರಿಂದ ಒಂದು ಜೀವ ಹೋಗುವುದರಲ್ಲಿತ್ತು.

ಮೊದಲು ನನ್ನದನ್ನೇ ಹೇಳಿಬಿಡುತ್ತೇನೆ. 2011ರಲ್ಲಿ ಚಂದ್ರಬಂಡದಲ್ಲಿ ಪಾಠದ ಜೊತೆಗೆ ಬಿಸಿಯೂಟದ ಲೆಕ್ಕ, ಅದರ ಮೇಲೆ ಜನಗಣತಿ. ಬಿಸಿಲಿನಲ್ಲಿ ಮನೆಮನೆ ಅಲೆದು ಬಂದರೆ ಮಕ್ಕಳ ಮುಖ ಕಂಡರೂ ಸಿಟ್ಟು. ಪಾಠ ಮಾಡುತ್ತಿದ್ದೆ, ಆದರೆ ಯಾರಿಗೆ, ಏಕೆ ಎಂಬುದು ಮರೆತುಹೋಗಿತ್ತು. ಬೇಸಿಗೆ ರಜೆಗೆ ದೇವದುರ್ಗದ ತವರಿಗೆ ಹೋದೆ. ನಾಲ್ಕು ದಿನ ಬರೀ ನಿದ್ದೆ. ಐದನೆಯ ದಿನ ಅವ್ವ ಮಾಡಿದ ಬಿಸಿ ರೊಟ್ಟಿ, ಪುಂಡಿಪಲ್ಯ ರುಚಿಸಿತು, ತಂಗಿಯ ಮಕ್ಕಳೊಡನೆ ನಕ್ಕೆ. ಜೂನ್ ಹತ್ತಿರ ಬಂದಾಗ ಮಾತ್ರ ಎದೆ ಮತ್ತೆ ಭಾರವಾಯಿತು. ಅಂದರೆ ಆ ದಣಿವು ಕೆಲಸಕ್ಕೆ ಅಂಟಿಕೊಂಡಿತ್ತು, ನನಗಲ್ಲ.

ಈ ದಣಿವಿಗೆ ಹೆಸರು ಬಂದದ್ದು ಇತ್ತೀಚೆಗೆ. ನ್ಯೂಯಾರ್ಕಿನ ಬಡವರ ಉಚಿತ ಚಿಕಿತ್ಸಾಲಯವೊಂದರಲ್ಲಿ ದುಡಿಯುತ್ತಿದ್ದ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ಎಂಬ ಮನೋವಿಜ್ಞಾನಿ 1974ರಲ್ಲಿ ಅದನ್ನು ‘ಬರ್ನೌಟ್’ ಎಂದು ಕರೆದು ಬರೆದ. ಉರಿದು ಬೂದಿಯಾಗುವುದು. ಅವನು ಕಂಡದ್ದು ಸೋಮಾರಿಗಳನ್ನಲ್ಲ, ಮನಸಾರೆ ಸೇವೆಗೆ ಬಂದವರನ್ನು, ತಾನೂ ಅವರಲ್ಲೊಬ್ಬನಾಗಿದ್ದ. ಮುಂದೆ ಕ್ರಿಸ್ಟಿನಾ ಮ್ಯಾಸ್ಲಾಕ್ ಅದರ ಮೂರು ಗುರುತು ಹೇಳಿದಳು: ಬಸವಳಿಯುವುದು, ಎದುರಿಗಿರುವ ಮನುಷ್ಯರ ಬಗ್ಗೆ ಮನಸ್ಸು ಕಲ್ಲಾಗುವುದು, ‘ನನ್ನಿಂದ ಏನೂ ಆಗಲಿಲ್ಲ’ ಅನ್ನಿಸುವುದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದನ್ನು ಉದ್ಯೋಗಕ್ಕೆ ಸಂಬಂಧಿಸಿದ ಸ್ಥಿತಿ ಎಂದಿತು, ರೋಗ ಎನ್ನಲಿಲ್ಲ.

ಖಿನ್ನತೆಯಾದರೋ ಮನುಷ್ಯನಷ್ಟೇ ಹಳೆಯದು. ಗ್ರೀಕರು ಅದನ್ನು ಕಪ್ಪು ಪಿತ್ತದ ದೋಷವೆಂದರು. ನಮ್ಮ ಚರಕಸಂಹಿತೆಯೂ ರೋಗವನ್ನು ಬೆಳೆಸುವವುಗಳಲ್ಲಿ ವಿಷಾದವನ್ನೇ ಮುಂದಿಟ್ಟಿದೆ. ಅದು ಶಾಲೆಯ ಗೇಟಿನಲ್ಲಿ ನಿಲ್ಲುವುದಿಲ್ಲ. ಮನೆಗೆ, ಹಾಸಿಗೆಗೆ, ರಜೆಗೆ, ಮಗಳ ಮದುವೆಗೆ ಹಿಂದೆಯೇ ಬರುತ್ತದೆ.

ಇದನ್ನು ನಾನು ಕಲಿತದ್ದು ನನಗಿಂತ ಚಿಕ್ಕವಳಾದ ಒಬ್ಬ ಸಹೋದ್ಯೋಗಿಯಿಂದ. ಅವಳು ಬಡವಾಗುತ್ತಿದ್ದಳು, ತಲೆ ಬಾಚುವುದನ್ನೂ ಬಿಟ್ಟಿದ್ದಳು. ‘ನನಗೂ ಹಿಂಗೇ ಆಗಿತ್ತವಾ, ಸೂಟಿ ಬರ್ಲಿ, ಎಲ್ಲಾ ಸರಿ ಹೋಗ್ತದ’ ಅಂದೆ. ಅನುಭವಸ್ಥೆಯ ಸೊಕ್ಕು! ಸೂಟಿ ಬಂತು. ಮಗಳು ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ತಂದಳು. ಪೇಡೆ ಕೊಡಲು ಬಂದಿದ್ದ ಇವಳ ಮುಖದಲ್ಲಿ ಖುಷಿಯ ಸುಳಿವಿಲ್ಲ. ನಸುಕಿನ ಮೂರಕ್ಕೇ ಎಚ್ಚರವಾಗುತ್ತದೆ, ಅನ್ನ ಮಣ್ಣಿನಂತೆ ಹತ್ತುತ್ತದೆ ಎಂದಳು. ಎದ್ದು ಹೋಗುವಾಗ ಮೆಲ್ಲಗೆ, ‘ನಾ ಇದ್ದು ಯಾರಿಗೇನು ಉಪಯೋಗ ಅಕ್ಕಾ, ಹೋದ್ರ ಚಲೋ ಅನ್ನಸ್ತದ’ ಅಂದಳು. ನನ್ನ ಕೈಕಾಲು ತಣ್ಣಗಾದವು. ಅಂದು ಅವಳನ್ನು ಒಬ್ಬಳೇ ಬಿಡಲಿಲ್ಲ. ಮರುದಿನವೇ ಅವಳ ಗಂಡನನ್ನೂ ಕರೆದುಕೊಂಡು ರಾಯಚೂರಿನ ಮನೋವೈದ್ಯರಲ್ಲಿಗೆ ಹೋದೆವು.

ವೈದ್ಯರು ಕೇಳಿದ್ದು ಸಾದಾ ಪ್ರಶ್ನೆಗಳು. ಎರಡು ವಾರಕ್ಕಿಂತ ಹೆಚ್ಚಾಯಿತೇ? ದಿನದ ಬಹುಪಾಲು ಹೀಗೇ ಇರುತ್ತದೆಯೇ? ಮೊದಲು ಇಷ್ಟವಾಗಿದ್ದುದು ಈಗಲೂ ಇಷ್ಟವೇ? ಸಾಯುವ ಯೋಚನೆ ಬರುತ್ತದೆಯೇ? ಹೀಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆಂದು ನಾನು ಹೆದರಿದ್ದೆ. ಹಾಗಾಗುವುದಿಲ್ಲ, ಕೇಳಲೇಬೇಕು ಎಂದರು. ಇನ್ನೊಂದು ಮಾತನ್ನೂ ಹೇಳಿದರು: ಇವೆರಡರ ನಡುವೆ ಗೋಡೆ ಏನಿಲ್ಲ. ಬಹಳ ದಿನ ಉರಿದವರು ಖಿನ್ನತೆಗೆ ಜಾರುವುದುಂಟು. ಎರಡೂ ಒಂದೇ ಎಂದು ವಾದಿಸುವ ಪಂಡಿತರೂ ಇದ್ದಾರೆ.

ಈ ಪ್ರಶ್ನೆಗಳು ನಮ್ಮ ಮಗ್ಗುಲಲ್ಲೇ ಇದ್ದವು ಎಂಬುದು ಆಮೇಲೆ ಓದಿ ತಿಳಿಯಿತು. 1982ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ತಂದಿತು. ಅದನ್ನು ಒಂದು ಇಡೀ ಜಿಲ್ಲೆಯಲ್ಲಿ ನಡೆಸಿ ನೋಡಲು ಬೆಂಗಳೂರಿನ ನಿಮ್ಹಾನ್ಸ್ ಆರಿಸಿಕೊಂಡದ್ದು ತುಂಗಭದ್ರೆಯ ಆಚೆಯ ಬಳ್ಳಾರಿಯನ್ನು. 1985ರಿಂದ 1990ರವರೆಗೆ ಅಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ, ಹಳ್ಳಿಗಳಿಗೆ ಹೋಗುವ ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಮಾತ್ರೆಗಳು ಅಲ್ಲಲ್ಲೇ ಸಿಗುವಂತೆ ಮಾಡಿದರು. ದೊಡ್ಡಾಸ್ಪತ್ರೆಯ ಗೋಡೆಯಾಚೆ, ಸಾಮಾನ್ಯ ವೈದ್ಯರ ಕೈಯಲ್ಲೇ ಇದು ಆದೀತೆಂದು ಆ ಬಳ್ಳಾರಿ ಮಾದರಿ ತೋರಿಸಿತು. 1996ರಿಂದ ದೇಶದ ಬೇರೆ ಜಿಲ್ಲೆಗಳಿಗೆ ಹರಡಿದ ಯೋಜನೆಗೂ ಅದೇ ತಳಹದಿ. ಆಗ ನಾವು ಈ ದಂಡೆಯಲ್ಲಿ ನಿಂಬೆಹಣ್ಣು ಇಳಿ ತೆಗೆಯುತ್ತಿದ್ದೆವು. ಹೊಳೆಯ ನೀರು ಒಂದೇ. ವಿದ್ಯೆ ದಾಟಲು ಅಷ್ಟು ವರ್ಷ ಬೇಕಾಯಿತು! ಈಗ 2022ರಿಂದ 14416ಕ್ಕೆ ಫೋನು ಮಾಡಿದರೆ ಕನ್ನಡದಲ್ಲೇ ಮಾತಾಡುವವರು ಸಿಗುತ್ತಾರೆ. ಆ ಸಂಖ್ಯೆಯನ್ನು ಸಿಬ್ಬಂದಿ ಕೋಣೆಯ ಗೋಡೆಗೆ ಅಂಟಿಸಿದ್ದೇನೆ.

ಮಾತ್ರೆ ನಾಟಲು ಮೂರು ನಾಲ್ಕು ವಾರ ಹಿಡಿಯಿತು. ನಡುವೆ ಒಮ್ಮೆ ಬಿಟ್ಟೂಬಿಟ್ಟಳು, ಗಂಡ ಗದರದೆ ಮತ್ತೆ ಕರೆದೊಯ್ದ. ಶ್ರಾವಣದ ಒಂದು ಮಧ್ಯಾಹ್ನ ಸಿಬ್ಬಂದಿ ಕೋಣೆಯಲ್ಲಿ ಕಪ್ಪು ಕೆಳಗಿಟ್ಟು ನನ್ನ ಕಡೆ ನೋಡಿದಳು. ‘ಅಕ್ಕಾ, ಇವತ್ತ ಚಹಾ ರುಚಿ ಹತ್ತಿತ್ರಿ’ ಅಂದಳು.