ಕುರ್ಚಿಯ ಬೆನ್ನಿಗೆ ನೇತಾಡುವ ಸ್ವೆಟರ್

ನಿಮ್ಮಲ್ಲಿ ಬಹಳ ಮಂದಿ ನನ್ನನ್ನು ‘ಆಂಟಿ’ ಎಂದು ಕರೆಯುವವರು. ಹಾಗಾಗಿ ಸ್ವಲ್ಪ ಸಲುಗೆಯಿಂದಲೇ ಕೇಳುತ್ತೇನೆ. ಹೊಸದಾಗಿ ಕೆಲಸಕ್ಕೆ ಸೇರಿದವರು ಬೆಳಿಗ್ಗೆ ಬೀರುವಿನ ಮುಂದೆ ಎಷ್ಟು ಹೊತ್ತು ನಿಲ್ಲುತ್ತೀರಿ? ಹೊರಗೆ 32 ಡಿಗ್ರಿ ಸೆಕೆ, ದಾರಿಯಲ್ಲಿ ಒಂದು ಜೋರು ಮಳೆ, ಎಂಆರ್‌ಟಿಯಲ್ಲಿ ತಂಪು, ಆಫೀಸಿನೊಳಗೆ ನಡುಕ. ಇವುಗಳಲ್ಲಿ ಮೊದಲ ಎರಡು ಮಾತ್ರ ಆಕಾಶ ಕೊಟ್ಟದ್ದು. ಉಳಿದೆರಡು ಮನುಷ್ಯರು ಮಾಡಿಕೊಂಡದ್ದು. ಯಾವಾಗ, ಏಕೆ, ಯಾರ ಮೈಗೆ ಒಗ್ಗುವಂತೆ ಮಾಡಿಕೊಂಡರು ಎನ್ನುವುದೇ ಇವತ್ತಿನ ಮಾತು.

ಸಿಂಗಪುರದ ಬಿಸಿಲು ಮಳೆಗೆ ಮೊದಲ ಉತ್ತರ ಬಟ್ಟೆಯಲ್ಲಿರಲಿಲ್ಲ, ಕಟ್ಟಡದಲ್ಲಿತ್ತು. 1822ರಲ್ಲಿ ರ‍್ಯಾಫಲ್ಸ್ ಪಟ್ಟಣದ ಯೋಜನೆ ಮಾಡಿಸಿದಾಗ, ಅಂಗಡಿಮನೆಗಳ ಮುಂದೆ ಮಾಡು ಇರುವ ನಡೆದಾರಿ ಸಾಲಾಗಿ ಇರಬೇಕೆಂದು ವಿಧಿಸಿದ. ಮಲಯ ಭಾಷೆಯಲ್ಲಿ ಅದು ‘ಕಾಕಿ ಲಿಮಾ’, ಐದಡಿ. ನಮ್ಮ ಊರಮನೆಗಳ ಜಗಲಿಯನ್ನು ಬೀದಿಯುದ್ದಕ್ಕೂ ಜೋಡಿಸಿದ ಹಾಗೆ. ಲಿಟ್ಲ್ ಇಂಡಿಯಾದಲ್ಲಿ ಮಳೆ ಬಂದಾಗ ನೀವು ಓಡಿ ನಿಲ್ಲುವುದು ಅಲ್ಲೇ.

ಆದರೆ ಕಚೇರಿಗೆ ಹೋಗುವ ಬಿಳಿಯರು ತಮ್ಮ ಕೋಟನ್ನು ಬಿಡಲಿಲ್ಲ. ಉಣ್ಣೆಯ ಬದಲು ದಪ್ಪ ಬಿಳಿ ಹತ್ತಿಯಲ್ಲಿ ಹೊಲಿಸಿದರು, ಅಷ್ಟೆ. ಕತ್ತಿನವರೆಗೆ ಗುಂಡಿ ಹಾಕುವ ಒಂದು ಕೋಟಿಗೆ ‘ತುತುಪ್’ ಎಂದೇ ಹೆಸರಿತ್ತು, ಹಾಗೆಂದರೆ ಮುಚ್ಚಿದ್ದು. ಈ ಸೆಕೆಯಲ್ಲಿ ಬಿಳಿ ಕೋಟು ಎಷ್ಟು ಹೊತ್ತು ಬಿಳಿಯಾಗಿ ಉಳಿದೀತು? ಅದನ್ನು ಒಗೆಯುವವರು ಬೇಕು. ನೀವು ದಿನವೂ ರೈಲು ಬದಲಿಸುವ ಧೋಬಿ ಘಾಟ್ ನಿಲ್ದಾಣದ ಹೆಸರು ಭಾರತದಿಂದ ಬಂದ ಮಡಿವಾಳರದು. ಅಲ್ಲಿ ಹರಿಯುತ್ತಿದ್ದ ತೊರೆಯಲ್ಲಿ ಬಟ್ಟೆ ಒಗೆದು ಪಕ್ಕದ ಬಯಲಲ್ಲಿ ಒಣಹಾಕುತ್ತಿದ್ದರು. ಸಿಂಗಪುರದ ಆಫೀಸ್ ಉಡುಗೆಯ ಚರಿತ್ರೆಯನ್ನು ಬರೆಯುವವರು ಅಲ್ಲಿಂದಲೇ ಶುರು ಮಾಡಬೇಕು ಅಂತ ನನಗನ್ನಿಸುತ್ತದೆ.

ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರ ಚಿತ್ರ ನೆನಪಿಸಿಕೊಳ್ಳಿ: ಕೋಟು, ಟೈ, ತಲೆಗೆ ಮೈಸೂರು ಪೇಟ. ಬೆಂಗಳೂರಿನ ಹವೆ ಅದನ್ನು ತಡೆದುಕೊಳ್ಳುತ್ತಿತ್ತು. ಇಲ್ಲಿಯ ಹವೆ ತಡೆದುಕೊಳ್ಳುವುದಿಲ್ಲ. 1959ರಲ್ಲಿ ಅಧಿಕಾರಕ್ಕೆ ಬಂದ ಪಿಎಪಿ ನಾಯಕರು ಬಿಳಿ ಅಂಗಿ, ಬಿಳಿ ಪ್ಯಾಂಟು ತೊಟ್ಟರು. ಬಿಳಿ ಬಣ್ಣ ಶುದ್ಧ ಆಡಳಿತದ ಗುರುತು. ಕೋಟಿಲ್ಲದಿರುವುದು, ನನ್ನ ಕಣ್ಣಿಗೆ, ಹಳೆಯ ದೊರೆಗಳಿಂದ ಬೇರೆ ಎನ್ನುವುದರ ಗುರುತು.

ತಮಾಷೆಯೆಂದರೆ, ಕೋಟು ಕಳಚಿದ ಅದೇ ಸರ್ಕಾರ ಅದು ಮರಳಿ ಬರುವ ದಾರಿಯನ್ನೂ ಮಾಡಿತು. ಪ್ರಧಾನಿಯಾದೊಡನೆ ತಾನು ಮೊದಲು ಮಾಡಿದ ಕೆಲಸಗಳಲ್ಲಿ ಒಂದು ಸರ್ಕಾರಿ ಕಚೇರಿಗಳಿಗೆ ಎಸಿ ಹಾಕಿಸಿದ್ದು ಎಂದು ಲೀ ಕ್ವಾನ್ ಯೂ ಮುಂದೆ ಹೇಳಿಕೊಂಡರು. ಇಲ್ಲದಿದ್ದರೆ ಉಷ್ಣವಲಯದಲ್ಲಿ ಮುಂಜಾನೆ, ಮುಸ್ಸಂಜೆ ಮಾತ್ರ ಕೆಲಸ ಸಾಗುತ್ತದೆ ಎಂಬುದು ಅವರ ವಾದ. 2000ದಲ್ಲಿ ಚೆರಿಯನ್ ಜಾರ್ಜ್ ಈ ದೇಶದ ಬಗ್ಗೆ ಬರೆದ ಪುಸ್ತಕದ ಹೆಸರೇ ‘ದಿ ಏರ್-ಕಂಡೀಷನ್ಡ್ ನೇಷನ್’. ಅಂದಹಾಗೆ, 1902ರಲ್ಲಿ ವಿಲ್ಲಿಸ್ ಕ್ಯಾರಿಯರ್ ಈ ಯಂತ್ರವನ್ನು ರೂಪಿಸಿದ್ದು ಮನುಷ್ಯರಿಗಾಗಿ ಅಲ್ಲ. ನ್ಯೂಯಾರ್ಕ್‌ನ ಬ್ರೂಕ್ಲಿನ್‌ನ ಒಂದು ಮುದ್ರಣಾಲಯದಲ್ಲಿ ತೇವಕ್ಕೆ ಕಾಗದ ಹಿಗ್ಗಿ ಬಣ್ಣಗಳು ಸರಿಯಾಗಿ ಕೂರುತ್ತಿರಲಿಲ್ಲ, ಅದಕ್ಕಾಗಿ.

ಈಗ ನನ್ನದೊಂದು ಕಥೆ. 2006ರಲ್ಲಿ ಇಲ್ಲಿಯ ಒಂದು ಆಫೀಸಿನಲ್ಲಿ ಮೂರು ತಿಂಗಳ ತಾತ್ಕಾಲಿಕ ಕೆಲಸ ಸಿಕ್ಕಿತ್ತು. ಮೊದಲ ದಿನ ಅಮ್ಮ ಕೊಟ್ಟ ಉಡುಪಿ ಹತ್ತಿ ಸೀರೆ ಉಟ್ಟು ಹೋದೆ. ನೆತ್ತಿಯ ಮೇಲೇ ಎಸಿ ಗಾಳಿ. ಹನ್ನೊಂದು ಗಂಟೆಗೆ ಬೆರಳು ಮರಗಟ್ಟಿ ಟೈಪ್ ಮಾಡುವುದೇ ಕಷ್ಟವಾಯಿತು. ಸುತ್ತ ನೋಡಿದರೆ ಹೆಂಗಸರೆಲ್ಲರ ಕುರ್ಚಿಯ ಬೆನ್ನಿಗೆ ಒಂದೊಂದು ಸ್ವೆಟರ್. “ಈ ಡ್ರೆಸ್ ನಮ್ಮ ಆಫೀಸಿಗೆ ಸಾಲದು” ಎಂದರು ಮೇಲಿನವರು. ತಪ್ಪು ನನ್ನದೇ, ನನ್ನ ಸೀರೆಯದೇ ಎಂದುಕೊಂಡು ಆ ಸಂಜೆಯೇ ಕಪ್ಪು ಕಾರ್ಡಿಗನ್ ಕೊಂಡೆ. ಸೀರೆ ಪೆಟ್ಟಿಗೆ ಸೇರಿತು. ಆಮೇಲೆ ಅದು ಹೊರಬಂದದ್ದು ಯುಗಾದಿ, ರಾಜ್ಯೋತ್ಸವಕ್ಕೆ ಮಾತ್ರ.

2015ರಲ್ಲಿ ನೆದರ್ಲೆಂಡ್ಸ್‌ನ ಇಬ್ಬರು ವಿಜ್ಞಾನಿಗಳ ಅಧ್ಯಯನದ ಸುದ್ದಿ ಓದಿದೆ. ಕಚೇರಿಗಳ ತಾಪಮಾನದ ಲೆಕ್ಕ 1960ರ ದಶಕದ್ದು. ಅದರಲ್ಲಿ ಮಾದರಿಯಾಗಿ ಇಟ್ಟುಕೊಂಡದ್ದು 40 ವರ್ಷದ, 70 ಕೆಜಿ ತೂಕದ ಒಬ್ಬ ಗಂಡಸಿನ ಮೈಶಾಖ. ಹೆಂಗಸರ ಮಟ್ಟಿಗೆ ಆ ಲೆಕ್ಕ ಶೇ. 35ರವರೆಗೆ ಹೆಚ್ಚಾಗಬಹುದಂತೆ. ಅವರು ಪರೀಕ್ಷಿಸಿದ್ದು 16 ಯುವತಿಯರನ್ನು ಮಾತ್ರ, ಚಿಕ್ಕ ಅಧ್ಯಯನವೇ. ಆದರೂ ಓದಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಒಂಬತ್ತು ವರ್ಷ ನನ್ನ ಸೀರೆಯನ್ನು ಬೈದುಕೊಂಡಿದ್ದೆನಲ್ಲ!

ಜಪಾನ್ 2005ರಲ್ಲೇ ಸರ್ಕಾರದ ಕಡೆಯಿಂದ ‘ಕೂಲ್ ಬಿಜ್’ ಶುರುಮಾಡಿತ್ತು: ಬೇಸಿಗೆಯಲ್ಲಿ ಎಸಿ 28ಕ್ಕೆ ಇಡಿ, ಟೈ ಕೋಟು ತೆಗೆಯಿರಿ. ಈಗ ಸಿಂಗಪುರದ ಸರ್ಕಾರಿ ಕಚೇರಿಗಳಿಗೂ 25 ಡಿಗ್ರಿ ಅಥವಾ ಅದಕ್ಕೂ ಮೇಲೆ ಇಡಬೇಕೆಂಬ ಸೂಚನೆ ಇದೆ. ಖಾಸಗಿ ಆಫೀಸುಗಳ ಕಥೆ ನಿಮಗೇ ಗೊತ್ತು.

ಅಲ್ಲಿಯವರೆಗೆ ಏನು ತೊಡುವುದು? ಒಳಗೆ ಹಗುರ ಹತ್ತಿ, ಮೇಲೆ ತೆಗೆದು ಹಾಕಬಹುದಾದ ಇನ್ನೊಂದು ಪದರ, ಒದ್ದೆಯಾದರೂ ಕೆಡದ ಚಪ್ಪಲಿ, ಚೀಲದಲ್ಲಿ ಮಡಚುವ ಛತ್ರಿ. ಜೀನ್ಸ್ ನೆನೆದರೆ ಸಂಜೆಯವರೆಗೆ ಒಣಗದು. ಆ ಮೇಲಿನ ಪದರ ಕಪ್ಪು ಕಾರ್ಡಿಗನ್ನೇ ಆಗಬೇಕೆಂದಿಲ್ಲ. ನನ್ನ ಮಗಳು ಕಳೆದ ತಿಂಗಳು ಇಂಟರ್ನ್‌ಶಿಪ್‌ಗೆ ಹೊರಟಾಗ ನನ್ನ ಪೆಟ್ಟಿಗೆ ತೆಗೆದು, ಇಳಕಲ್ ದುಪಟ್ಟಾವನ್ನು ನಾಲ್ಕು ಮಡಿಕೆ ಮಾಡಿ ಲ್ಯಾಪ್‌ಟಾಪ್ ಜೊತೆ ಇಟ್ಟುಕೊಂಡಳು. “ಅಮ್ಮಾ, ಎಸಿ ಕೆಳಗೆ ಶಾಲು, ಊಟಕ್ಕೆ ಹಾಕರ್ ಸೆಂಟರಿಗೆ ಹೋಗುವಾಗ ಚೀಲಕ್ಕೆ,” ಅಂದಳು. ಉಡುಪಿ ಸೀರೆಯನ್ನೂ ಒಮ್ಮೆ ತೆಗೆದು ನೋಡಿ, ಪಿನ್ ಎಷ್ಟು ಬೇಕು ಎಂದು ಕೇಳಿದಳು. ಐದು ಸಾಕು ಅಂದಿದ್ದೇನೆ.