ಜೆರಾಕ್ಸ್ ಕಂಪನಿಯ ಸಂಜೆ ಸಭೆಗಳು

ಊರ ಕೋರ್ಟಿನೆದುರು, ಕಾಲೇಜು ಗೇಟಿನ ಪಕ್ಕ ಇರುವ ಜೆರಾಕ್ಸ್ ಅಂಗಡಿ ನಮಗೆಲ್ಲ ಗೊತ್ತು. ಆ ಹೆಸರಿನ ಕಂಪನಿ ಬೆಳೆದದ್ದು ಅಮೆರಿಕದ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿ. ಪುಣೆ, ಹೈದರಾಬಾದಿನ ಆಫೀಸುಗಳಲ್ಲಿ ‘ಎಂಪ್ಲಾಯೀ ರಿಸೋರ್ಸ್ ಗ್ರೂಪ್ ಸೇರಿ’ ಎಂದು ಬರುವ ಮೇಲ್‌ನ ಮೂಲ ಹುಡುಕಿದರೂ ಇದೇ ಕಂಪನಿಗೆ ಹೋಗಿ ನಿಲ್ಲುತ್ತೇವೆ. ಈಗ ಎಷ್ಟೋ ಕಡೆ ಈ ಗುಂಪುಗಳ ಕೆಲಸ ದೀಪಾವಳಿಯ ರಂಗೋಲಿ ಸ್ಪರ್ಧೆಗೆ ಮುಗಿದುಹೋಗುತ್ತದೆ. ಶುರುವಾದದ್ದು ಹಾಗಲ್ಲ.

ರಾಚೆಸ್ಟರ್‌ಗೆ ದಕ್ಷಿಣದ ಹೊಲಗಳಿಂದ ಸಾವಿರಾರು ಕಪ್ಪು ಕುಟುಂಬಗಳು ವಲಸೆ ಬಂದಿದ್ದವು. ಕೊಡ್ಯಾಕ್‌ನಂಥ ದೊಡ್ಡ ಕಾರ್ಖಾನೆ ಊರಲ್ಲೇ ಇದ್ದರೂ ಅವರಿಗೆ ಸಿಕ್ಕ ಕೆಲಸ ಅಷ್ಟಕ್ಕಷ್ಟೇ. 1964ರ ಜುಲೈನಲ್ಲಿ ಮೂರು ದಿನ ಊರು ಹೊತ್ತಿ ಉರಿಯಿತು, ನ್ಯಾಷನಲ್ ಗಾರ್ಡ್ ಇಳಿಯಿತು. ಜೆರಾಕ್ಸ್ ಮುಖ್ಯಸ್ಥ ಜೋಸೆಫ್ ವಿಲ್ಸನ್ ಇದನ್ನು ಪೊಲೀಸರ ತಲೆನೋವು ಎಂದು ಬಿಡಲಿಲ್ಲ. 1968ರಲ್ಲಿ ಅವರೂ ಪೀಟರ್ ಮೆಕಲೋ ಅವರೂ ಎಲ್ಲ ಮ್ಯಾನೇಜರುಗಳಿಗೆ ಪತ್ರ ಬರೆದರು: ಈ ತಾರತಮ್ಯದಲ್ಲಿ ನಮ್ಮ ಪಾಲೂ ಇದೆ, ಕಪ್ಪು ಜನರನ್ನು ಹೆಚ್ಚು ಹೆಚ್ಚಾಗಿ ಕೆಲಸಕ್ಕೆ ತೆಗೆದುಕೊಳ್ಳಿ.

ಬಾಗಿಲು ತೆರೆಯಿತು. ಒಳಗೆ ಹೋದವರಿಗೆ ಎದುರಾದದ್ದು ಇನ್ನೊಂದು ಗೋಡೆ. ಜೆರಾಕ್ಸ್‌ನಲ್ಲಿ ಮೇಲೇರುವ ದಾರಿ ಮಾರಾಟ ವಿಭಾಗದ್ದು, ಅಲ್ಲಿ ಸಂಪಾದನೆ ನಿಂತಿದ್ದು ಕಮಿಷನ್ ಮೇಲೆ. ಕಮಿಷನ್ ಎಷ್ಟು ಎನ್ನುವುದು ನಿಮ್ಮ ಮಾತಿನ ಚಾತುರ್ಯಕ್ಕಿಂತ ನಿಮಗೆ ಕೊಟ್ಟ ಏರಿಯಾದ ಮೇಲೆ ನಿಂತಿತ್ತು. ಬ್ಯಾಂಕು, ವಕೀಲರ ಕಚೇರಿಗಳಿರುವ ಬೀದಿ ಒಬ್ಬನಿಗೆ, ಸಣ್ಣ ಅಂಗಡಿಗಳ ಬೀದಿ ಇನ್ನೊಬ್ಬನಿಗೆ ಹಂಚಿದರೆ, ವರ್ಷದ ಕೊನೆಗೆ ಅಂಕಿಗಳೇ ‘ಇವನು ಸಾಲದು’ ಎನ್ನುತ್ತವೆ. ಯಾರೂ ಬಾಯಿಬಿಟ್ಟು ಏನೂ ಹೇಳಬೇಕಾಗಿಲ್ಲ. ಸ್ಯಾನ್ ಫ್ರಾನ್ಸಿಸ್ಕೋ ಕಡೆಯ ಕಪ್ಪು ಮಾರಾಟಗಾರರು ಇದನ್ನು ಗುರುತಿಸಿ ‘ಬೇ ಏರಿಯಾ ಬ್ಲ್ಯಾಕ್ ಎಂಪ್ಲಾಯೀಸ್’ ಎಂಬ ಗುಂಪು ಕಟ್ಟಿದರು. 1971ರಲ್ಲಿ ಅಲ್ಲಿನ ನೌಕರರು ಕೋರ್ಟಿಗೂ ಹೋದರು.

ಬೇರೆ ಊರುಗಳಲ್ಲೂ ಇಂಥ ಗುಂಪುಗಳು ಎದ್ದವು. ಸೇರುತ್ತಿದ್ದದ್ದು ಕೆಲಸ ಮುಗಿದ ಮೇಲೆ ಮತ್ತು ವಾರದ ಕೊನೆಗೆ, ಸ್ವಂತ ಸಮಯದಲ್ಲಿ, ಸ್ವಂತ ಖರ್ಚಿನಲ್ಲಿ. ಒಂದು ಕಡೆ ಆಡಳಿತದ ಜೊತೆ ಮಾತುಕತೆ, ಇನ್ನೊಂದು ಕಡೆ ತಮ್ಮತಮ್ಮಲ್ಲೇ ಪಾಠ: ಮೆಷಿನ್ ಮಾರುವುದು ಹೇಗೆ, ಆಫೀಸಿನ ಬರೆಯದ ನಿಯಮಗಳು ಯಾವುವು. ಬಿಳಿಯ ಸಹೋದ್ಯೋಗಿಗೆ ಗಾಲ್ಫ್ ಮೈದಾನದಲ್ಲಿ ಪುಕ್ಕಟೆ ಸಿಗುವ ತಿಳಿವಳಿಕೆಯನ್ನು ಇವರು ಕೂತು ಕಲಿಯಬೇಕಿತ್ತು.

ನನ್ನ ಮಟ್ಟಿಗೆ ಈ ಕಥೆಯ ನಿಜವಾದ ಜಾಣತನ ಮುಂದಿನದು. ಮೇಲಿನ ಹುದ್ದೆಯಲ್ಲಿದ್ದವರ ವೃತ್ತಿಜೀವನವನ್ನು ಕಂಪನಿ ಹಿಂದುಮುಂದಾಗಿ ಓದಿ ನೋಡಿತು. ಇವರು ಇಲ್ಲಿಗೆ ಬಂದದ್ದು ಯಾವ ಕೆಲಸಗಳ ಮೂಲಕ? ಕೆಲವೇ ಹುದ್ದೆಗಳು ಮತ್ತೆ ಮತ್ತೆ ಕಂಡವು. ಮೊದಲ ಹಂತದ ಸೇಲ್ಸ್ ಮ್ಯಾನೇಜರ್ ಅವುಗಳಲ್ಲೊಂದು. ಆ ಮೆಟ್ಟಿಲು ತುಳಿಯದವರು ಎಷ್ಟೇ ದುಡಿದರೂ ಮೇಲಕ್ಕೆ ಕಾಣುತ್ತಿರಲಿಲ್ಲ, ಕಪ್ಪು ನೌಕರರೂ ಹೆಂಗಸರೂ ಆ ಮೆಟ್ಟಿಲ ಮೇಲೆ ವಿರಳ. ಹಾಗಾಗಿ ಒಟ್ಟು ನೇಮಕಾತಿಯ ಲೆಕ್ಕ ಸಾಲದು, ಈ ಹುದ್ದೆಗಳಿಗೇ ಗುರಿ ಇಡಬೇಕು ಎಂದಾಯಿತು. ಅಪ್ರೈಸಲ್ ಹೊತ್ತಿನಲ್ಲಿ ‘ಹಾರ್ಡ್ ವರ್ಕಿಂಗ್’ ಎಂದು ಬರೆಸಿಕೊಂಡು ಮನೆಗೆ ಬರುವವರು ಇದನ್ನೊಮ್ಮೆ ಯೋಚಿಸಿ ನೋಡಬಹುದು.

1968ರಲ್ಲಿ ಸೇಲ್ಸ್ ಟ್ರೇನಿಯಾಗಿ ಸೇರಿದ್ದ ಬ್ಯಾರಿ ರ‍್ಯಾಂಡ್ ಜೆರಾಕ್ಸ್‌ನ ಅತಿ ಮೇಲಿನ ಸಾಲಿಗೆ ಏರಿದರು, 1999ರಲ್ಲಿ ಏವಿಸ್ ಕಂಪನಿಯ ಮುಖ್ಯಸ್ಥರಾದರು. ಮ್ಯಾನ್‌ಹ್ಯಾಟನ್ನಿನ ಬಡವರ ಸರ್ಕಾರಿ ವಸತಿಯಲ್ಲಿ ಬೆಳೆದ ಅರ್ಸುಲಾ ಬರ್ನ್ಸ್ 1980ರಲ್ಲಿ ಬೇಸಿಗೆ ಇಂಟರ್ನ್ ಆಗಿ ಬಂದರು. ಒಂದು ಸಭೆಯಲ್ಲಿ ಯಾರೋ, ಎಲ್ಲ ಬಗೆಯ ಜನರನ್ನೂ ತೆಗೆದುಕೊಂಡರೆ ಗುಣಮಟ್ಟ ಇಳಿಯುವುದಿಲ್ಲವೇ ಎಂದರು. ಹಿರಿಯ ಅಧಿಕಾರಿ ವೇಲ್ಯಾಂಡ್ ಹಿಕ್ಸ್ ಸಮಾಧಾನದಿಂದ ಉತ್ತರ ಕೊಟ್ಟದ್ದು ಬರ್ನ್ಸ್‌ಗೆ ಸಿಟ್ಟು ತರಿಸಿತು. ಅಂಥ ಪ್ರಶ್ನೆಗೆ ಮರ್ಯಾದೆ ಯಾಕೆ ಎಂದು ಅಲ್ಲೇ ಕೇಳಿಬಿಟ್ಟರು. ಹಿಕ್ಸ್ ಕರೆದು ಬೈದರು. ಆಮೇಲೆ ತಮ್ಮ ಸಹಾಯಕಿಯ ಕೆಲಸವನ್ನೂ ಕೊಟ್ಟರು. ಇದರಿಂದ ಮುಂದೆ ದಾರಿಯಿಲ್ಲವೇನೋ ಎಂದು ಆಕೆ ಅನುಮಾನಿಸಿದ್ದರಂತೆ. ಮರುವರ್ಷವೇ ಕಂಪನಿ ಮುಖ್ಯಸ್ಥ ಪಾಲ್ ಅಲೇರ್ ಅವರ ಸಹಾಯಕಿಯಾದರು. 2009ರಲ್ಲಿ ಬರ್ನ್ಸ್ ಜೆರಾಕ್ಸ್‌ನ ಸಿಇಒ ಆದರು. ಫಾರ್ಚೂನ್ 500 ಕಂಪನಿಯೊಂದನ್ನು ಮುನ್ನಡೆಸಿದ ಮೊದಲ ಕಪ್ಪು ಮಹಿಳೆ.

2016ರ ಕೊನೆಗೆ ಅವರು ಆ ಕುರ್ಚಿ ಬಿಟ್ಟರು. ಹಂಗಾಮಿ ನೇಮಕವೊಂದನ್ನು ಬಿಟ್ಟರೆ, ಅಂಥ ಕುರ್ಚಿಯಲ್ಲಿ ಮತ್ತೊಬ್ಬ ಕಪ್ಪು ಮಹಿಳೆ, ವಾಲ್‌ಗ್ರೀನ್ಸ್‌ನ ರೋಸಲಿಂಡ್ ಬ್ರೂವರ್, ಬಂದು ಕೂರುವಷ್ಟರಲ್ಲಿ 2021 ಆಗಿತ್ತು.